ಕೂಸಿನ ಸ್ನಾನಕ್ಕೆ ಟಬ್ಬೋ, ಬಾದರೋ, ಅಜ್ಜಿಯ ಕಾಲೋ?

ಸೀಮಂತ ಮುಗಿದ ಮನೆಗಳಲ್ಲಿ ಈಗ ಕೊಳ್ಳಬೇಕಾದ ಸಾಮಾನಿನ ಪಟ್ಟಿಯೊಂದು ಓಡಾಡುತ್ತಿರುತ್ತದೆ. ತೊಟ್ಟಿಲು, ಸೊಳ್ಳೆಪರದೆ, ಡೈಪರ್ ಎಂದು ಶುರುವಾಗುವ ಅದು ಕೆಳಗಿಳಿಯುತ್ತ ಟಬ್, ಬಾದರ್ (ಮಗುವನ್ನು ಒರಗಿಸಿ ನೀರೆರೆಯುವ ಸಣ್ಣ ಒರಗುಕುರ್ಚಿ), ಸ್ನಾನದ ಕುರ್ಚಿ, ನೀರಿನ ಥರ್ಮಾಮೀಟರ್, ಟೋಪಿ ಹೊಲಿದ ಟವೆಲ್, ಶಾಂಪೂ ಕಣ್ಣಿಗಿಳಿಯದಂತೆ ತಲೆಗೆ ಹಾಕುವ ರಬ್ಬರ್ ಬಳೆ ಎನ್ನುವವರೆಗೆ ಬೆಳೆಯುತ್ತದೆ. ಸ್ನಾನದ ಸಾಮಾನಿಗೇ ಐದಾರು ಸಾವಿರ ರೂಪಾಯಿ ಸುಲಭವಾಗಿ ಹೋಗುತ್ತದೆ. ಅತ್ತ ಅಜ್ಜಿಯಂದಿರು, "ನಿಮ್ಮನ್ನೆಲ್ಲ ಬೆಳೆಸಿದ್ದು ಒಂದು ಮಣೆ, ಒಂದು ತಂಬಿಗೆಯಲ್ಲಿ" ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಅಜ್ಜಿಯ ಮಾತು ನಿಜವಾಗಬೇಕಾದರೆ ಮನೆಯಲ್ಲಿ ಅಜ್ಜಿ ಇರಬೇಕು, ಅವರಿಗೆ ನೆಲದ ಮೇಲೆ ಕೂರಲು ಆಗಬೇಕು, ಬಚ್ಚಲಿನಲ್ಲಿ ಕಾಲು ಚಾಚುವಷ್ಟು ಜಾಗವಿರಬೇಕು.

ಎಳೆಯ ಕೂಸಿಗೆ ಬೇಕಾದದ್ದು ಹದವಾದ ನೀರು, ಗಾಳಿ ಬೀಸದ ಜಾಗ, ಜಾರದಂತೆ ಹಿಡಿದ ಕೈ, ಇಷ್ಟೇ. ಅಂಗಡಿಯಲ್ಲಿ ಸಿಗುವ ಉಳಿದದ್ದೆಲ್ಲ ನೀರೆರೆಯುವವರ ಅನುಕೂಲಕ್ಕೆ. ಆದ್ದರಿಂದ ಯಾವ ಕಂಪನಿಯ ಟಬ್ ಒಳ್ಳೆಯದು ಎಂದು ಹುಡುಕುವ ಮುನ್ನ, ನಮ್ಮ ಮನೆಯಲ್ಲಿ ಮಗುವಿಗೆ ನೀರು ಹಾಕುವವರು ಯಾರು, ಎಲ್ಲಿ ಹಾಕುತ್ತಾರೆ, ಹೇಗೆ ಹಾಕುತ್ತಾರೆ ಎಂದು ಕೇಳಿಕೊಂಡರೆ ಅರ್ಧ ಪಟ್ಟಿ ತಾನಾಗಿಯೇ ಕರಗುತ್ತದೆ.

ಯಾವ ಅಳತೆಗೋಲು

ಮೊದಲು ಎರೆಯುವವರ ಮೈಯನ್ನು ನೋಡಿ. ಮೊಣಕಾಲು ನೋವಿರುವ ಅಜ್ಜಿಗೆ ಕೂತು ಏಳುವುದೇ ಕಷ್ಟ. ಹೊಲಿಗೆ ಮಾಗದ ಬಾಣಂತಿಗೆ ಬಗ್ಗುವುದು, ಭಾರ ಎತ್ತುವುದು ಎರಡೂ ಬೇಡ. ಇದು ಅಪರೂಪದ ಮಾತಲ್ಲ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಮೂರರಲ್ಲೊಂದರ ಹತ್ತಿರ ಸಿಸೇರಿಯನ್. ಅಂಥವರು ಸುಮಾರು ಆರು ವಾರ ಮಗುವಿಗಿಂತ ಭಾರವಾದದ್ದನ್ನು ಎತ್ತಬಾರದು ಎಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಹದಿನೈದು ಲೀಟರ್ ನೀರು ತುಂಬಿದ ಟಬ್ ಹದಿನೈದು ಕಿಲೋ ತೂಗುತ್ತದೆ ಎಂಬುದನ್ನು ಟಬ್ಬಿನ ಜಾಹೀರಾತು ಹೇಳುವುದಿಲ್ಲ.

ಆಮೇಲೆ ಬಚ್ಚಲು. ಹಳ್ಳಿಯ ಮನೆಯಲ್ಲಿ ಹಂಡೆಯ ಪಕ್ಕದಲ್ಲಿ ಇಬ್ಬರು ಕೂರಬಹುದಾದ ಬಚ್ಚಲಿದ್ದರೆ ಒಂದು ಲೆಕ್ಕ. ನಗರದ ಫ್ಲ್ಯಾಟಿನಲ್ಲಿ ಕಮೋಡು, ಬೇಸಿನ್ನು, ವಾಷಿಂಗ್ ಮೆಷಿನ್ನು ಎಲ್ಲವೂ ಸೇರಿ ಉಳಿಸಿದ ಮೂರಡಿ ಜಾಗವಾದರೆ ಬೇರೆಯೇ ಲೆಕ್ಕ. ನೀರು ಹರಿದು ಹೋಗಲು ನೆಲದಲ್ಲಿ ತೂಬು ಇದೆಯೇ ಎಂಬುದನ್ನೂ ನೋಡಬೇಕು. ನಮ್ಮಲ್ಲಿ ಇದು ಪ್ರಶ್ನೆಯೇ ಅಲ್ಲ, ಹೊರದೇಶದಲ್ಲಿ ದೊಡ್ಡ ಪ್ರಶ್ನೆ. ಅದಕ್ಕೆ ಮುಂದೆ ಬರುತ್ತೇನೆ.

ಸ್ನಾನದ ರೀತಿಯೂ ಮುಖ್ಯ. ವಿದೇಶಿ ಮಾರ್ಗದರ್ಶಿಗಳನ್ನು ಓದಿ ಸಾಮಾನು ಕೊಳ್ಳುವವರು ಮರೆಯುವುದು ಇದನ್ನೇ. ನಮ್ಮ ಬಹುಪಾಲು ಮನೆಗಳಲ್ಲಿ ಮಗುವಿಗೆ ಮೈತುಂಬ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಕಡಲೆಹಿಟ್ಟನ್ನೋ ಹೆಸರುಹಿಟ್ಟನ್ನೋ ಸವರಿ, ತಂಬಿಗೆಯಿಂದ ನೀರು ಸುರಿದು ತೊಳೆಯುತ್ತಾರೆ. ಟಬ್ ಹುಟ್ಟಿದ್ದು ಬೇರೆ ಬಗೆಯ ಸ್ನಾನಕ್ಕೆ: ನಿಂತ ನೀರಿನಲ್ಲಿ ಮಗುವನ್ನು ಇಟ್ಟು, ಚೂರು ಸೋಪು ಸೋಕಿಸಿ, ಎತ್ತಿ ಒರೆಸುವುದಕ್ಕೆ. ಎಣ್ಣೆ ಹಚ್ಚಿದ ಮಗುವನ್ನು ನಯವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಹಿಡಿದು ನೋಡಿದವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಇನ್ನು ಬಾಳಿಕೆ. ವಸ್ತು ಎಷ್ಟು ವರ್ಷ ಒಡೆಯದೆ ಇರುತ್ತದೆ ಎನ್ನುವುದಕ್ಕಿಂತ ನಮ್ಮ ಮಗುವಿಗೆ ಎಷ್ಟು ತಿಂಗಳು ಆಗುತ್ತದೆ ಎಂದು ಕೇಳಬೇಕು. ಮೂರ್ನಾಲ್ಕು ತಿಂಗಳಿಗೆ ಕತ್ತು ನಿಲ್ಲುತ್ತದೆ. ಆಸರೆಯಿಲ್ಲದೆ ಕೂರುವುದು ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಮಾನದಂಡದಂತೆ ಸುಮಾರು ನಾಲ್ಕರಿಂದ ಒಂಬತ್ತು ತಿಂಗಳ ನಡುವೆ. ಮಲಗಿಸುವ ಸಾಮಾನು ಈ ಘಟ್ಟ ಬಂದ ಕೂಡಲೇ ಮೂಲೆ ಸೇರುತ್ತದೆ.

ಒಣಗಿಸಲು ಬಿಸಿಲಿದೆಯೇ, ಇಡಲು ಜಾಗವಿದೆಯೇ ಎಂಬುದು ಸಣ್ಣ ಮಾತಿನಂತೆ ಕಾಣುತ್ತದೆ. ಮಂಗಳೂರು, ಮಡಿಕೇರಿ, ತೀರ್ಥಹಳ್ಳಿಯ ಕಡೆಯ ಮಳೆಗಾಲದಲ್ಲಿ ಮೂರು ತಿಂಗಳು ಬಟ್ಟೆಯೇ ಒಣಗದಿರುವಾಗ ಬಟ್ಟೆಯ ಜಾಲರಿಯ ಬಾದರ್ ಕೊಂಡವರಿಗೆ ಅದು ದೊಡ್ಡ ಮಾತೇ.

ಸುರಕ್ಷತೆಯ ಬಗ್ಗೆ ತೂಗಿ ನೋಡಲು ಏನೂ ಇಲ್ಲ. ಎರಡೂವರೆ ಸೆಂಟಿಮೀಟರ್, ಅಂದರೆ ಒಂದು ಅಂಗುಲ ನೀರು ಕೂಸು ಮುಳುಗಲು ಸಾಕು. ಅದೂ ಸದ್ದಿಲ್ಲದೆ, ನಿಮಿಷಗಳೊಳಗೆ. ಒಂದು ಕೈ ಸದಾ ಮಗುವಿನ ಮೇಲಿರಲು ಬಿಡದ, ಅಥವಾ ಇರದಿದ್ದರೂ ನಡೆಯುತ್ತದೆ ಎಂಬ ಧೈರ್ಯ ಕೊಡುವ ಯಾವ ಸಾಮಾನೂ ಬೇಡ.

ಮೊದಲ ಎರಡು ವಾರ: ಏನೂ ಬೇಡ

ಹುಟ್ಟಿದ ಮಗುವಿನ ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆ ಮುಂದೂಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೂಸಿನ ಮೈ ಬೇಗ ತಣ್ಣಗಾಗುತ್ತದೆ ಎಂಬುದು ಮುಖ್ಯ ಕಾರಣ. ಹೊಕ್ಕುಳಬಳ್ಳಿಯ ತುಂಡು ಉದುರಲು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಬೇಕು. ಅಲ್ಲಿಯವರೆಗೆ ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಮೈ ಒರೆಸಿದರೆ ಆಯಿತು. ಮುಖ, ಕತ್ತಿನ ಮಡಿಕೆ, ಕಂಕುಳು, ತೊಡೆಸಂದು ಇಷ್ಟನ್ನು ಚೆನ್ನಾಗಿ ಒರೆಸಿ, ಆ ಭಾಗವನ್ನು ಆಗಿಂದಾಗ್ಗೆ ಮುಚ್ಚುತ್ತ ಹೋಗಬೇಕು. ಒರೆಸುವುದಕ್ಕೆಂದೇ ಮಾರುವ ಸ್ಪಂಜುಗಳಿಗಿಂತ ಹಳೆಯ ಹತ್ತಿ ಸೀರೆಯ ಅಥವಾ ಪಂಚೆಯ ತುಂಡು ವಾಸಿ. ಬೇಗ ಒಣಗುತ್ತದೆ, ಕುದಿಸಿ ತೊಳೆಯಬಹುದು. ಅವಧಿಗೆ ಮುಂಚೆ ಹುಟ್ಟಿದ, ತೂಕ ಕಡಿಮೆ ಇರುವ ಮಕ್ಕಳಿಗೆ ಸ್ನಾನ ಯಾವಾಗ ಎಂಬುದನ್ನು ವೈದ್ಯರೇ ಹೇಳಬೇಕು. ಅಂಥ ಮನೆಯವರು ಟಬ್ಬಿನ ಯೋಚನೆಯನ್ನು ಇನ್ನೂ ಮುಂದಕ್ಕೆ ಹಾಕಬಹುದು.

ಕಾಲ ಮೇಲಿನ ಸ್ನಾನ

ತಗ್ಗಿನ ಮಣೆಯ ಮೇಲೆ ಕೂತು, ಎರಡು ಕಾಲನ್ನೂ ಜೋಡಿಸಿ ಮುಂದೆ ಚಾಚಿ, ನಡುವಿನ ತಗ್ಗಿನಲ್ಲಿ ಮಗುವನ್ನು ಮಲಗಿಸಿಕೊಂಡು ನೀರೆರೆಯುವ ಈ ಕ್ರಮವನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವವರು ಅದರ ಜಾಣತನವನ್ನು ಗಮನಿಸಿಲ್ಲ. ಮಗು ನಿಂತ ನೀರಿನಲ್ಲಿ ಇರುವುದೇ ಇಲ್ಲ, ಸುರಿದದ್ದು ಹರಿದು ಹೋಗುತ್ತದೆ. ಎಣ್ಣೆ ಹಚ್ಚಿದ ಮೈ ಚರ್ಮಕ್ಕೆ ತಾಗಿಕೊಂಡಿರುವುದರಿಂದ ಪ್ಲಾಸ್ಟಿಕ್ಕಿನ ಮೇಲೆ ಜಾರಿದಷ್ಟು ಜಾರುವುದಿಲ್ಲ. ನೀರು ಸುಡುತ್ತಿದೆಯೇ ಎಂಬುದು ಎರೆಯುವವರ ಕಾಲಿಗೇ ಮೊದಲು ಗೊತ್ತಾಗುತ್ತದೆ. ಕವುಚಿ ಹಾಕಿ ಬೆನ್ನು ತೊಳೆಯುವುದು, ತಿರುಗಿಸಿ ಎದೆ ತೊಳೆಯುವುದು ಎಲ್ಲವೂ ಒಂದೇ ಓಟದಲ್ಲಿ ಮುಗಿಯುತ್ತದೆ. ಖರ್ಚು ಸೊನ್ನೆ, ತೀರ ಬೇಕಾದರೆ ಇನ್ನೂರು ಮುನ್ನೂರು ರೂಪಾಯಿಯ ಪ್ಲಾಸ್ಟಿಕ್ ಮಣೆ.

ಕೊರತೆಗಳೂ ಇವೆ. ಇದು ಕೈಯಿಂದ ಕೈಗೆ ಬರುವ ವಿದ್ಯೆ. ಓದಿ ಕಲಿಯುವುದು ಕಷ್ಟ. ನೀರೂ ಹೆಚ್ಚು ಬೇಕು. ಟಬ್ಬಿನಲ್ಲಿ ಹತ್ತು ಹದಿನೈದು ಲೀಟರಿಗೆ ಮುಗಿಯುವ ಕೆಲಸಕ್ಕೆ ಇಲ್ಲಿ ಒಂದೂವರೆ ಬಕೆಟ್ಟು ಹೋಗುತ್ತದೆ. ಟ್ಯಾಂಕರ್ ನೀರಿಗೆ ದುಡ್ಡು ಕೊಡುವ ಅಪಾರ್ಟ್‌ಮೆಂಟಿನವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಎರೆಯುವವರು ಮಗುವಿನೊಂದಿಗೆ ತಾವೇ ಏಳಲಾಗುವುದಿಲ್ಲ. ಮಗುವನ್ನು ಎತ್ತಿಕೊಂಡು ಒರೆಸಲು ಇನ್ನೊಬ್ಬರು ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿರಬೇಕು. ಗಂಡ ಕೆಲಸಕ್ಕೆ ಹೋದ ಮೇಲೆ ಒಬ್ಬಳೇ ಇರುವ ತಾಯಿ ಈ ಕ್ರಮಕ್ಕೆ ಕೈ ಹಾಕುವುದು ಬೇಡ ಎನ್ನುವುದು ನನ್ನ ಸ್ಪಷ್ಟ ಮಾತು.

ಬಾಣಂತನಕ್ಕೆ ಬಂದು ನೀರು ಹಾಕಿ ಹೋಗುವ ಹೆಂಗಸರು ಈಗಲೂ ಹಲವು ಊರುಗಳಲ್ಲಿ ಸಿಗುತ್ತಾರೆ. ಅವರನ್ನು ಗೊತ್ತುಮಾಡಿಕೊಂಡಿದ್ದರೆ ಟಬ್ಬಿಗೆ ಹಣ ಹಾಕುವುದು ದಂಡ. ತಂದುಕೊಟ್ಟರೂ ಅವರು ಅದನ್ನು ಮುಟ್ಟುವುದಿಲ್ಲ. ಅವರ ಕೈಚಳಕವನ್ನು ಒಪ್ಪಿಕೊಂಡೇ ಕೆಲವು ಅಭ್ಯಾಸಗಳಿಗೆ ಬೇಡ ಎನ್ನಬೇಕು: ಮೂಗು ಕಿವಿಗೆ ಎಣ್ಣೆ ಬಿಡುವುದು, ಮೂಗಿಗೆ ಊದುವುದು, ತಲೆಬುರುಡೆಯನ್ನು ಒತ್ತಿ ದುಂಡಗೆ ಮಾಡಲು ಹೋಗುವುದು, ಸ್ನಾನವಾದ ಮೇಲೆ ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿಯ ಹೊಗೆ ಹಿಡಿಯುವುದು. ಮಕ್ಕಳ ವೈದ್ಯರು ಇವನ್ನೆಲ್ಲ ಬೇಡ ಎನ್ನುತ್ತಾರೆ. ಮೊದಲ ದಿನವೇ ಮರ್ಯಾದೆಯಿಂದ ಹೇಳಿಬಿಟ್ಟರೆ ಆಮೇಲಿನ ಮುನಿಸು ತಪ್ಪುತ್ತದೆ.

ಬಾದರ್

ಒರಗುಕುರ್ಚಿಯ ಆಕಾರದ, ಪ್ಲಾಸ್ಟಿಕ್ಕಿನ ಅಥವಾ ಚೌಕಟ್ಟಿಗೆ ಜಾಲರಿ ಬಟ್ಟೆ ಬಿಗಿದ ಈ ಸಾಮಾನು ನಮ್ಮ ರೀತಿಯ ಸ್ನಾನಕ್ಕೆ ಟಬ್ಬಿಗಿಂತ ಚೆನ್ನಾಗಿ ಹೊಂದುತ್ತದೆ. ಅಂಗಡಿಯವರು ಟಬ್ಬನ್ನೇ ಮುಂದೆ ಇಡುತ್ತಾರೆ, ಆದರೂ ಇದು ನನ್ನ ಅಭಿಪ್ರಾಯ. ಬಾದರ್ ಮಾಡುವ ಕೆಲಸ ಕಾಲಿನದೇ: ಮಗುವನ್ನು ಓರೆಯಾಗಿ ಆತುಕೊಂಡಿರುತ್ತದೆ, ಸುರಿದ ನೀರು, ಎಣ್ಣೆ, ಹಿಟ್ಟು ಎಲ್ಲವೂ ಕೆಳಗೆ ಹರಿದು ಹೋಗುತ್ತದೆ. ಒಂದು ಕೈಯಲ್ಲಿ ಮಗುವನ್ನು ಹಿಡಿದು ಇನ್ನೊಂದರಲ್ಲಿ ತಂಬಿಗೆ ಹಿಡಿಯಬಹುದು. ಒಬ್ಬರೇ ಇರುವಾಗ, ಅದರಲ್ಲೂ ಮೊದಲ ಸಲ ಮಗುವಿಗೆ ನೀರು ಹಾಕುವ ಅಪ್ಪಂದಿರಿಗೆ, ಇದರಿಂದ ಸಿಗುವ ನೆಮ್ಮದಿ ಕಡಿಮೆಯದಲ್ಲ. ಬೆಲೆ ಸುಮಾರು ಆರುನೂರರಿಂದ ಸಾವಿರದ ಐನೂರು ರೂಪಾಯಿ.

ಪ್ಲಾಸ್ಟಿಕ್ ಮೈಯದು ತೊಳೆಯಲು ಸುಲಭ, ಆದರೆ ಎಣ್ಣೆ ಮೈಗೆ ಜಾರುತ್ತದೆ. ಮೇಲೊಂದು ತೆಳು ಹತ್ತಿ ಬಟ್ಟೆ ಹಾಸಿದರೆ ಜಾರುವುದೂ ನಿಲ್ಲುತ್ತದೆ, ಚಳಿಗಾಲದ ಬೆಳಗ್ಗೆ ತಣ್ಣನೆಯ ಪ್ಲಾಸ್ಟಿಕ್ ತಗುಲಿ ಮಗು ಬೆಚ್ಚುವುದೂ ತಪ್ಪುತ್ತದೆ. ಜಾಲರಿಯದು ಮೈಗೆ ಹಿತ, ಆದರೆ ಎಣ್ಣೆಯನ್ನು ಹೀರಿಕೊಂಡು ಕೆಲವೇ ದಿನಗಳಲ್ಲಿ ಕಮಟು ವಾಸನೆ ಬರುತ್ತದೆ. ಬಿಚ್ಚಿ ತೊಳೆಯಲು ಬರುವ ಜಾಲರಿಯಿದ್ದರೆ ಮಾತ್ರ ಕೊಳ್ಳಿ. ಕರಾವಳಿ, ಮಲೆನಾಡಿನವರು ಮಳೆಗಾಲದ ಕೂಸಿಗೆ ಪ್ಲಾಸ್ಟಿಕ್ಕಿನದನ್ನೇ ಆರಿಸಿಕೊಳ್ಳುವುದು ಮೇಲು.

ಇದರ ಮಿತಿ ಆಯುಷ್ಯ. ಮಗು ಮಗುಚಲು, ಎದ್ದು ಕೂರಲು ಹವಣಿಸಿದ ದಿನದಿಂದ ಬಾದರ್ ಅಪಾಯದ ವಸ್ತು. ಪೆಟ್ಟಿಗೆಯ ಮೇಲೆ ಇನ್ನೂ ಹೆಚ್ಚಿನ ತೂಕ ಬರೆದಿದ್ದರೂ ಅಷ್ಟೇ. ಅಂದರೆ ಐದಾರು ತಿಂಗಳ ಬಳಕೆ. ಸಾವಿರ ರೂಪಾಯಿಗೆ ಕೊಂಡರೆ ತಿಂಗಳಿಗೆ ಇನ್ನೂರರ ಹತ್ತಿರ ಬೀಳುತ್ತದೆ. ಅಲ್ಲದೆ ಅದು ನೆಲದ ಮೇಲೇ ಕೂರುತ್ತದೆ. ನೆಲದಲ್ಲಿ ಕೂರಲಾಗದ ಅಜ್ಜಿಯ ಮೊಣಕಾಲಿಗೆ ಇದರಿಂದ ಪರಿಹಾರವಿಲ್ಲ. ಅವರು ಪಕ್ಕದಲ್ಲಿ ಸಣ್ಣ ಸ್ಟೂಲು ಹಾಕಿಕೊಂಡು ಕೂರಬಹುದು, ಅಷ್ಟು ಮಾತ್ರ. ಎತ್ತರವಾಗಲಿ ಎಂದು ಬಾದರನ್ನು ಕಟ್ಟೆಯ ಮೇಲೆ, ಕಮೋಡಿನ ಮುಚ್ಚಳದ ಮೇಲೆ ಇಡುವವರಿದ್ದಾರೆ. ದಯವಿಟ್ಟು ಬೇಡ.

ಟಬ್

ಐನೂರರಿಂದ ಸಾವಿರದ ಐನೂರು ರೂಪಾಯಿಗೆ ಸಿಗುವ ಮಾಮೂಲಿ ಪ್ಲಾಸ್ಟಿಕ್ ಟಬ್ಬಿನ ಬಗ್ಗೆ ಎರಡು ಭಾಗವಾಗಿ ಯೋಚಿಸಬೇಕು: ಕೂಸು ಕೂರುವ ಮೊದಲು, ಕೂತ ಮೇಲೆ.

ಕೂರುವ ಮೊದಲು ಟಬ್ಬಿನಲ್ಲಿ ತಲೆಗೆ ಆಸರೆ ನಿಮ್ಮ ಮುಂಗೈ. ಮಗುವಿನ ತಲೆ ಮುಂಗೈ ಮೇಲೆ, ಅದೇ ಕೈಯ ಬೆರಳುಗಳು ಅದರ ಆಚೆಯ ತೋಳನ್ನು ಸುತ್ತಿ ಹಿಡಿದಿರಬೇಕು. ಇದು ರೂಢಿಯಾದರೆ ನೀರಿನಲ್ಲಿ ಮಗು ಬೆಚ್ಚಗೆ ಹಿತವಾಗಿ ಇರುತ್ತದೆ. ಅಳುವ ಕೂಸುಗಳು ಎಷ್ಟೋ ಸಲ ಸುಮ್ಮನಾಗುತ್ತವೆ. ಆದರೆ ಎಣ್ಣೆ, ಹಿಟ್ಟಿನ ಸ್ನಾನಕ್ಕೆ ಟಬ್ ಒಗ್ಗುವುದಿಲ್ಲ. ಎಣ್ಣೆ ಮೇಲೆ ತೇಲುತ್ತದೆ, ಹಿಟ್ಟು ತಳಕ್ಕೆ ಇಳಿಯುತ್ತದೆ, ಮಗು ನಡುವೆ ಕೂತಿರುತ್ತದೆ. ಕೊನೆಗೆ ಹೊರಗೆತ್ತಿ ಮತ್ತೆ ಎರಡು ತಂಬಿಗೆ ನೀರು ಹಾಕಲೇಬೇಕು. ವೈದ್ಯರ ಮಾತು ಕೇಳಿ ಎಣ್ಣೆಯನ್ನು ಸ್ನಾನದ ನಂತರ ತೆಳ್ಳಗೆ ಹಚ್ಚುವವರಿಗೆ ಈ ತೊಂದರೆಯಿಲ್ಲ.

ಟಬ್ಬಿನ ಒಂದು ಲಾಭವನ್ನು ಮಾತ್ರ ಬೇರೆ ಯಾವುದೂ ಕೊಡುವುದಿಲ್ಲ: ಅದನ್ನು ಕೋಣೆಯೊಳಗೆ ಗಟ್ಟಿಯಾದ, ಅಗಲವಾದ, ಅಲುಗದ ಮೇಜಿನ ಮೇಲೆ ಇಟ್ಟು ನಿಂತುಕೊಂಡೇ ಸ್ನಾನ ಮಾಡಿಸಬಹುದು. ಬೆನ್ನುನೋವಿನವರಿಗೆ, ಹೊಲಿಗೆಯಿರುವ ಬಾಣಂತಿಗೆ ಇದೇ ಸರಿ. ಆದರೆ ನೀರನ್ನು ಬೇರೆಯವರು ತಂದು ಹಾಕಬೇಕು, ಬೇರೆಯವರೇ ತೆಗೆಯಬೇಕು. ಆದ್ದರಿಂದ ತಳದಲ್ಲಿ ಬಿರಡೆ ಇರುವ ಟಬ್ಬನ್ನೇ ಕೊಳ್ಳಿ. ಬಿರಡೆ ಎಳೆದರೆ ಕೆಳಗಿಟ್ಟ ಬಕೆಟ್ಟಿಗೆ ನೀರಿಳಿಯುತ್ತದೆ. ತಳ ನುಣುಪಾಗಿರಬಾರದು. ಒಳಗೆ ಇಳಿಜಾರಿನ ಆಸರೆಯಿದ್ದರೆ ಒಳ್ಳೆಯದು, ಆದರೆ ಕೊಕ್ಕೆಯಿಂದ ತೂಗುಹಾಕುವ ಬಟ್ಟೆಯ ಆಸರೆಗಿಂತ ಟಬ್ಬಿನ ಮೈಯಲ್ಲೇ ಅಚ್ಚಾದ ಆಸರೆ ನಂಬಿಕೆಗೆ ಅರ್ಹ.

ಕೂತ ಮೇಲೆ ಕಥೆ ಬದಲಾಗುತ್ತದೆ. ಏಳೆಂಟು ತಿಂಗಳಿಂದ ಎರಡು ವರ್ಷದವರೆಗೆ ನೀರೆಂದರೆ ಆಟ. ಆಗ ಟಬ್ ಬೇಕೆನಿಸುತ್ತದೆ. ಆದರೆ ಆಗ ಬೇಕಾದದ್ದು ಮಕ್ಕಳ ಟಬ್ಬೇ ಆಗಬೇಕೆಂದಿಲ್ಲ. ಪೇಟೆಯ ಪ್ಲಾಸ್ಟಿಕ್ ಅಂಗಡಿಯಲ್ಲಿ ಮುನ್ನೂರು ರೂಪಾಯಿಗೆ ಸಿಗುವ ಬಟ್ಟೆ ನೆನೆಸುವ ಅಗಲ ಟಬ್, ತಳಕ್ಕೊಂದು ರಬ್ಬರ್ ಚಾಪೆ, ನಾಲ್ಕು ಬೆರಳಷ್ಟು ನೀರು; ಕೂರಬಲ್ಲ ಮಗುವಿಗೆ ಇದು ಸಾಕು. ಮಗು ದೊಡ್ಡದಾದ ಮೇಲೆ ಅದು ತನ್ನ ಹಳೆಯ ಕೆಲಸಕ್ಕೆ ಮರಳುತ್ತದೆ. ಆನೆ, ಬಾತುಕೋಳಿಯ ಚಿತ್ರ ಅಂಟಿಸಿದ ಟಬ್ಬಿಗೆ ಮೂರು ಪಟ್ಟು ಕೊಡುವುದು ಅಪ್ಪ ಅಮ್ಮನ ಸಂತೋಷಕ್ಕೆ. ಆ ಸಂತೋಷಕ್ಕೂ ಬೆಲೆಯಿದೆ ಎನ್ನುವವರೊಂದಿಗೆ ನನ್ನ ಜಗಳವಿಲ್ಲ.

ಮಡಚುವ ಟಬ್ ಸಾವಿರದ ಐನೂರರಿಂದ ಮೂರು ಸಾವಿರದವರೆಗೆ. ಕೆಲವಕ್ಕೆ ನೀರು ಹೆಚ್ಚು ಬಿಸಿಯಾದರೆ ಬಣ್ಣ ಬದಲಿಸುವ ಬಿರಡೆ ಇರುತ್ತದೆ. ಒಂದು ಕೋಣೆಯ ಮನೆಯವರಿಗೆ, ಪದೇ ಪದೇ ಊರಿಗೆ ಹೋಗಿ ಬರುವವರಿಗೆ ಇದು ಸಾರ್ಥಕ, ಉಳಿದವರಿಗೆ ದುಬಾರಿ. ಮಡಿಕೆಗಳಲ್ಲಿ ಕೊಳೆ ಕೂರುತ್ತದೆ, ಕಾಲುಗಳು ಸರಿಯಾಗಿ ಕೂತಿವೆಯೇ ಎಂದು ಪ್ರತಿ ಸಲ ನೋಡಬೇಕು. ಗಾಳಿ ತುಂಬುವ ಟಬ್ ಪ್ರಯಾಣಕ್ಕೆ ಹಗುರ, ಒಣಗಿಸಲು ಕಾಟ, ಉಗುರು ತಾಗಿದರೆ ಮುಗಿಯಿತು. ಬಕೆಟ್ಟಿನ ಆಕಾರದ ಆಳದ ಟಬ್ಬುಗಳೂ ಬಂದಿವೆ. ನೀರಿನ ಆಳ ನೋಡಿದರೆ ಅವನ್ನು ಮೆಚ್ಚಲು ನನಗೆ ಮನಸ್ಸಾಗುವುದಿಲ್ಲ.

ಸ್ನಾನದ ಕುರ್ಚಿ ಬೇಡವೇ ಬೇಡ

ಕೂರಲು ಕಲಿತ ಮಗುವನ್ನು ಸುತ್ತಲೂ ಬಳೆಯಿರುವ, ತಳಕ್ಕೆ ಕಚ್ಚಿಕೊಳ್ಳುವ ಹೀರುಬಟ್ಟಲುಗಳಿರುವ (ಸಕ್ಷನ್ ಕಪ್) ಕುರ್ಚಿಯಲ್ಲಿ ಕೂರಿಸಿ ಟಬ್ಬಿನ ನೀರಿಗೆ ಇಳಿಸುವ ಸಾಮಾನಿದು. ನೋಡಿದರೆ ಎಲ್ಲಕ್ಕಿಂತ ಭದ್ರವೆನಿಸುತ್ತದೆ, ಅಪಾಯವಿರುವುದು ಅಲ್ಲಿಯೇ. ಅಮೆರಿಕದಲ್ಲಿ ಇಂಥ ಕುರ್ಚಿಗಳಲ್ಲಿ ಕೂತ ಕೂಸುಗಳು ಮುಳುಗಿ ಸತ್ತ ಪ್ರಕರಣಗಳು ವರ್ಷಗಟ್ಟಲೆ ದಾಖಲಾದವು. ಹೀರುಬಟ್ಟಲು ಕಳಚಿ ಕುರ್ಚಿ ವಾಲಿತು, ಇಲ್ಲವೇ ಮಗು ಕಾಲಿನ ಕಿಂಡಿಯಿಂದ ಕೆಳಗೆ ಜಾರಿತು. ದೊಡ್ಡವರು ಭದ್ರವಾಗಿದೆಯೆಂದು ಕ್ಷಣಕಾಲ ಆಚೆ ಹೋಗಿದ್ದರು. ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2010ರಲ್ಲಿ ಇವಕ್ಕೆ ಕಡ್ಡಾಯ ನಿಯಮ ತಂದಿತು, 2017ರಲ್ಲಿ ಟಬ್ಬುಗಳಿಗೂ ತಂದಿತು. ನಿಯಮ ಬಂದ ಮೇಲೂ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸ್ನಾನದ ಕುರ್ಚಿಯನ್ನು ಬಳಸಬೇಡಿ ಎಂದೇ ಹೇಳುತ್ತದೆ.

ನಮ್ಮ ಬಚ್ಚಲಿನಲ್ಲಿ ಇದು ಇನ್ನೂ ನಿಷ್ಪ್ರಯೋಜಕ. ಕಾಲು ಜಾರದಿರಲೆಂದು ಹಾಕಿಸಿದ ಒರಟು ಟೈಲ್ಸಿನ ಮೇಲೆ ಹೀರುಬಟ್ಟಲು ಹಿಡಿಯುವುದೇ ಇಲ್ಲ. ಮಗುವಿನ ಕತ್ತಿಗೆ ಕಟ್ಟಿ ನೀರಿನಲ್ಲಿ ತೇಲಿಸುವ ಗಾಳಿಬಳೆಯನ್ನೂ ಇದೇ ಸಾಲಿಗೆ ಸೇರಿಸಿ; ಅದರ ಅಪಾಯದ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2022ರಲ್ಲಿ ಎಚ್ಚರಿಕೆ ಹೊರಡಿಸಿತು. ವಿಡಿಯೋದಲ್ಲಿ ಮುದ್ದಾಗಿ ಕಾಣುವ ಇವೆರಡನ್ನೂ ಯಾರಾದರೂ ಉಡುಗೊರೆ ಕೊಟ್ಟರೆ ಅಟ್ಟಕ್ಕೆ ಹಾಕುವುದೂ ಬೇಡ, ಒಡೆದು ಎಸೆಯಿರಿ. ಇಲ್ಲವಾದರೆ ಅದು ಇನ್ನೊಂದು ಮನೆ ಸೇರುತ್ತದೆ.

ಮಗು ಅಂಬೆಗಾಲಿಡಲು ತೊಡಗಿದ ಮೇಲೆ ಅಪಾಯ ಸ್ನಾನದ ಹೊತ್ತಿಗೆ ಮಾತ್ರ ಸೀಮಿತವಲ್ಲ. ನೀರು ಎರಡು ದಿನಕ್ಕೊಮ್ಮೆ ಬರುವ ಊರುಗಳಲ್ಲಿ ಬಚ್ಚಲ ತುಂಬ ತುಂಬಿಟ್ಟ ಬಕೆಟ್ಟು, ಡ್ರಮ್ಮುಗಳಿರುತ್ತವೆ. ಡ್ರಮ್ಮಿಗೆ ಬಿಗಿಯಾದ ಮುಚ್ಚಳ, ಬಚ್ಚಲ ಬಾಗಿಲಿಗೆ ಮಗುವಿನ ಕೈಗೆಟುಕದ ಎತ್ತರದಲ್ಲಿ ಒಂದು ಚಿಲಕ. ಇಡೀ ಪಟ್ಟಿಯಲ್ಲಿ ತಪ್ಪದೆ ಕೊಳ್ಳಬೇಕಾದದ್ದು ಯಾವುದು ಎಂದರೆ ನಾನು ಈ ಎಂಬತ್ತು ರೂಪಾಯಿಯ ಚಿಲಕವನ್ನು ತೋರಿಸುತ್ತೇನೆ.

ಚಿಲ್ಲರೆ ಸಾಮಾನು

ನೀರಿನ ಥರ್ಮಾಮೀಟರ್ ಮುನ್ನೂರು ಐನೂರಕ್ಕೆ ಸಿಗುತ್ತದೆ. ಕೂಸಿಗೆ ನೀರು 37-38 ಡಿಗ್ರಿ ಸೆಲ್ಸಿಯಸ್ ಇದ್ದರೆ ಹದ. ಮೊಣಕೈಯನ್ನೋ ಮಣಿಕಟ್ಟಿನ ಒಳಭಾಗವನ್ನೋ ಅದ್ದಿ ನೋಡಿದರೆ ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಆ ಹದ ಗೊತ್ತಾಗುತ್ತದೆ. ಅಂಗೈಯನ್ನು ಮಾತ್ರ ನಂಬಬೇಡಿ. ಬಿಸಿ ಪಾತ್ರೆ ಹಿಡಿದು ಪಳಗಿದ ಅಜ್ಜಿಯ ಅಂಗೈಗೆ ಉಗುರುಬೆಚ್ಚಗೆನಿಸಿದ್ದು ಕೂಸಿಗೆ ಸುಡುಬಿಸಿ. ಎರೆಯುವವರು ಬಿಸಿನೀರಿನ ಪಕ್ಷಪಾತಿಗಳಾಗಿದ್ದು ಮನೆಯಲ್ಲಿ ದಿನಾ ಈ ಚರ್ಚೆ ನಡೆಯುತ್ತಿದ್ದರೆ ಥರ್ಮಾಮೀಟರ್ ಕೊಳ್ಳಿ; ಮೀಟರು ಹೇಳಿದರೆ ಸೊಸೆ ಹೇಳಿದಂತಾಗುವುದಿಲ್ಲ. ಉಳಿದವರಿಗೆ ಬೇಡ. ಸೋಲಾರ್ ಇರುವ ಮನೆಯಲ್ಲಿ ಬಿಸಿಲಿನ ದಿನ ನೀರು 60 ಡಿಗ್ರಿ ಮುಟ್ಟುವುದುಂಟು. ಆ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಕೈಯಾಡಿಸಿ ಬೆರೆಸಿದ ಮೇಲೆ ಪರೀಕ್ಷೆ, ಆಮೇಲೆ ಮಗು. ಮಗು ಇರುವಾಗ ಟಬ್ಬಿಗೆ ನಲ್ಲಿ ತಿರುಗಿಸುವುದು ಯಾವಾಗಲೂ ಬೇಡ.

ಟೋಪಿ ಟವೆಲ್ ಚೆನ್ನಾಗಿದೆ, ಒಂದೆರಡು ಇರಲಿ. ಹೇಗೂ ಯಾರಾದರೂ ತಂದುಕೊಡುತ್ತಾರೆ. ಒತ್ತಿದರೆ ನೀರು ಚಿಮ್ಮುವ ರಬ್ಬರ್ ಬಾತುಕೋಳಿಯ ಹೊಟ್ಟೆಯೊಳಗೆ ಬೂಷ್ಟು ಬೆಳೆಯುತ್ತದೆ. ಸ್ಟೀಲಿನ ಲೋಟ, ಚಮಚ ಕೊಟ್ಟರೆ ಮಗುವಿಗೆ ಅಷ್ಟೇ ಖುಷಿ. ರಬ್ಬರ್ ಬಳೆ, ಮಕ್ಕಳ ಬ್ರಷ್ಷು, ಬಣ್ಣಬಣ್ಣದ ಮಗ್ಗು ಇವುಗಳ ಬಗ್ಗೆ ಹೇಳಲು ಏನೂ ಇಲ್ಲ.

ಹೊರದೇಶದ ಕನ್ನಡಿಗರಿಗೆ

ಅಮೆರಿಕದ ಮನೆಗಳ ಬಚ್ಚಲಿನಲ್ಲಿ ನೆಲಕ್ಕೆ ಸಾಮಾನ್ಯವಾಗಿ ತೂಬು ಇರುವುದಿಲ್ಲ. ದೊಡ್ಡವರ ಬಾತ್‌ಟಬ್ಬಿನ ಹೊರಗೆ ಸುರಿದ ನೀರು ಕೆಳಮನೆಯವರ ಸೂರಿಗೆ ಇಳಿದೀತು. ಬಾಣಂತನಕ್ಕೆಂದು ಊರಿನಿಂದ ಬಂದ ಅಮ್ಮ ಕಾಲ ಮೇಲೆ ಹಾಕಿಕೊಂಡು ಎರೆಯಬೇಕೆಂದರೆ ಆ ಬಾತ್‌ಟಬ್ಬಿನೊಳಗೇ ಇಳಿದು ಕೂರಬೇಕು. ನುಣುಪಾದ ಟಬ್, ಅದರ ಎತ್ತರದ ಅಂಚು, ಎಣ್ಣೆ ಜಿಡ್ಡು, ಅರುವತ್ತು ದಾಟಿದ ಮೊಣಕಾಲು. ಈ ಮನೆಗಳಲ್ಲಿ ಸಾಮಾನು ಕೊಳ್ಳುವುದಕ್ಕೆ ನಿಜವಾದ ಕಾರಣವಿದೆ. ಅಡುಗೆಮನೆಯ ಅಗಲ ಸಿಂಕಿನ ಪಕ್ಕದ ಕಟ್ಟೆಯ ಮೇಲೆ ಇಟ್ಟು, ನಿಂತುಕೊಂಡೇ ಸ್ನಾನ ಮಾಡಿಸುವ ಸಣ್ಣ ಟಬ್ ಅಮ್ಮನ ಬೆನ್ನಿಗೂ ಮಗಳ ಹೊಲಿಗೆಗೂ ಅನುಕೂಲ. ಅಮ್ಮ ಊರಿಗೆ ಹಿಂತಿರುಗಿದ ಮೇಲೆ ಸ್ನಾನ ಮಾಡಿಸುವವರು ನೀವೇ ಆದ್ದರಿಂದ ಮೊದಲ ತಿಂಗಳಿಂದಲೇ ಆ ಕ್ರಮವನ್ನು ಕಲಿತಿಟ್ಟುಕೊಳ್ಳಿ. ಅಲ್ಲಿನ ವೈದ್ಯರು ಮೊದಲ ವರ್ಷದಲ್ಲಿ ವಾರಕ್ಕೆ ಎರಡು ಮೂರು ಸ್ನಾನ ಸಾಕೆನ್ನುತ್ತಾರೆ. ಒಣ ಹವೆಯಲ್ಲಿ ದಿನವೂ ಸೋಪು ಹಾಕಿದರೆ ಚರ್ಮ ಬಿರಿಯುತ್ತದೆ. ಅಮ್ಮನಿಗೆ ಇದನ್ನು ಒಪ್ಪಿಸುವುದು ನಿಮ್ಮ ಜವಾಬ್ದಾರಿ.

ಹಾಗಾದರೆ ಯಾರಿಗೆ ಯಾವುದು

ಮನೆಯಲ್ಲಿ ಎರೆಯುವ ಕೈ ಇದೆ, ಎತ್ತಿಕೊಳ್ಳಲು ಇನ್ನೊಬ್ಬರಿದ್ದಾರೆ, ಬಚ್ಚಲಿಗೆ ಜಾಗವಿದೆ: ಏನೂ ಕೊಳ್ಳಬೇಡಿ. ಮಣೆ ಗಟ್ಟಿಯಿದ್ದರೆ ಸಾಕು. ಏಳನೇ ತಿಂಗಳಿಗೆ ಬಟ್ಟೆ ನೆನೆಸುವ ಟಬ್.

ಗಂಡ ಹೆಂಡತಿ ಇಬ್ಬರೇ, ನಮ್ಮ ಕ್ರಮದ ಎಣ್ಣೆ ನೀರೇ ಇಷ್ಟ: ಪ್ಲಾಸ್ಟಿಕ್ ಬಾದರ್, ಅದರ ಮೇಲೆ ಹಾಸಲು ಹಳೆಯ ಹತ್ತಿ ಬಟ್ಟೆ, ಕೂರಲು ಸಣ್ಣ ಸ್ಟೂಲು. ಸಾವಿರದ ಇನ್ನೂರರೊಳಗೆ ಮುಗಿಯುತ್ತದೆ. ಅಮ್ಮ ಮೂರು ತಿಂಗಳು ಇದ್ದು ಹೋಗುತ್ತಾರೆ ಎಂದಾದರೆ ಅದನ್ನೂ ಈಗಲೇ ತರಬೇಡಿ. ಅವರು ಹೊರಡುವ ಹೊತ್ತಿಗೆ ಕತ್ತು ನಿಂತಿರುತ್ತದೆ. ಉಳಿಯುವುದು ಎರಡು ಮೂರು ತಿಂಗಳ ಬಳಕೆ, ಅಷ್ಟಕ್ಕೆ ಯಾರಿಂದಲಾದರೂ ಎರವಲು ಪಡೆದರೆ ಸಾಕು.

ಬಗ್ಗಲಾಗದವರು, ಸಿಸೇರಿಯನ್ ಆದವರು, ಬೆನ್ನುನೋವಿನವರು: ಬಿರಡೆಯಿರುವ, ಒಳಗೆ ಆಸರೆಯಿರುವ ಟಬ್, ಅದನ್ನಿಡಲು ಅಲುಗದ ಮೇಜು. ಮೇಜು ಅಲುಗುವುದಾದರೆ ನೆಲವೇ ವಾಸಿ, ನೀರು ಹಾಕುವ ಕೆಲಸವನ್ನು ಅಪ್ಪನಿಗೆ ಒಪ್ಪಿಸಿ.

ಇಕ್ಕಟ್ಟಿನ ಮನೆ, ಆಗಾಗ ಪ್ರಯಾಣ, ಕೈಯಲ್ಲಿ ಹಣವಿದೆ: ಮಡಚುವ ಟಬ್.

ಹೆರಿಗೆಗೆ ಮೊದಲೇ ಮಗುವಿನ ಸಾಮಾನು ಮನೆಗೆ ತರಬಾರದು ಎನ್ನುವ ಹಿರಿಯರು ಅನೇಕ ಮನೆಗಳಲ್ಲಿದ್ದಾರೆ. ಸ್ನಾನದ ಸಾಮಾನಿನ ಮಟ್ಟಿಗೆ ಅವರ ಮಾತು ಕೇಳಿದರೆ ನಷ್ಟವಿಲ್ಲ. ಹೊಕ್ಕುಳು ಒಣಗುವವರೆಗೆ ಹೇಗೂ ಒರೆಸುವ ಸ್ನಾನ. ಹೆರಿಗೆ ಹೇಗಾಯಿತು, ಯಾರು ಬಂದು ಉಳಿದರು, ಮಗುವಿಗೆ ನೀರೆಂದರೆ ಹಿತವೋ ಅಳುವೋ ಎಂಬುದೆಲ್ಲ ಆ ದಿನಗಳಲ್ಲಿ ಗೊತ್ತಾಗಿರುತ್ತದೆ. ಬಾದರೋ ಟಬ್ಬೋ ಬೇಕೆನಿಸಿದರೆ ಮನೆ ಬಾಗಿಲಿಗೆ ಬರಲು ಒಂದೆರಡು ದಿನ ಸಾಕು.

ಬಳಸಿದ್ದನ್ನು ಪಡೆಯಲು ಸಂಕೋಚ ಬೇಡ. ಇವು ಸವೆಯುವ ಮೊದಲೇ ಉಪಯೋಗ ಮುಗಿದ ವಸ್ತುಗಳು. ಟಬ್ಬಾದರೆ ನೀರು ತುಂಬಿ ಹತ್ತು ನಿಮಿಷ ಬಿಟ್ಟು ಬಿರಡೆ ಸೋರುತ್ತದೆಯೇ ನೋಡಿ, ಅಂಚಿನಲ್ಲಿ ಬೆರಳಾಡಿಸಿ ಬಿರುಕಿದೆಯೇ ಪರೀಕ್ಷಿಸಿ. ಬಾದರ್ ಆದರೆ ಒರಗನ್ನು ಎತ್ತರಿಸುವ ಹಲ್ಲುಗಳು ಸವೆದಿವೆಯೇ ಎಂದು ಕೈಯಿಂದ ಬಲವಾಗಿ ಒತ್ತಿ ನೋಡಿ. ಒತ್ತಿದಾಗ ಒಂದು ಹಲ್ಲು ಜಾರಿದರೂ ಬೇಡ. ಜಾಲರಿ ಹಳೆಯದಾಗಿದ್ದರೆ ಅದನ್ನು ಬಿಚ್ಚಿ ಎಸೆದು, ಅಳತೆ ಕೊಟ್ಟು ದರ್ಜಿಯಿಂದ ಹೊಸದನ್ನು ಹೊಲಿಸಿಕೊಳ್ಳಬಹುದು.